ಕಷಾಯದ ರುಚಿ ನೋಡುವವನು

ಜಾಮು ಎಂಬ ಬೇರು ಸೊಪ್ಪಿನ ಕಷಾಯದ ರುಚಿ ನಾಲಿಗೆಯಲ್ಲಿಲ್ಲ, ಗಂಟಲಲ್ಲಿದೆ ಎಂದು ತುಮಿರಾಳ ತಾಯಿ ಹೇಳುತ್ತಿದ್ದಳು. ನಾಲಿಗೆ ಬಾಗಿಲು ಕಾಯುವ ಆಳು, ಬಂದವರಿಗೆಲ್ಲ ತಲೆಬಾಗುತ್ತದೆ. ಬಂದವನು ನೆಂಟನೋ ಕಳ್ಳನೋ ತಿಳಿಯುವುದು ಅವನು ಒಳಮನೆಗೆ ಕಾಲಿಟ್ಟ ಮೇಲೆಯೇ. ಶುಂಠಿಯ ಖಾರ, ತಾಳೆಬೆಲ್ಲದ ಸಿಹಿ ಇವೆಲ್ಲ ಬಾಗಿಲಲ್ಲೇ ಮಾತಾಡಿ ಮುಗಿಸುತ್ತವೆ. ನೆಲಬೇವಿನ ಕಹಿ ಹಾಗಲ್ಲ. ಅದರ ನಿಜವಾದ ಅಳತೆ ಸಿಗುವುದು ನುಂಗಿದ ಮೇಲೆ, ಅದು ಗಂಟಲ ತಿರುವಿನಲ್ಲಿ ಕೂತು ತನ್ನ ಹೆಸರು ಹೇಳಿದಾಗ. ಅದಕ್ಕೇ ಕುದಿಯುವ ಹಂಡೆಯಿಂದ ಒಂದು ಬಟ್ಟಲು ತೆಗೆದು, ನುಂಗಿ ನೋಡದೆ ಯಾವ ಜಾಮುವನ್ನೂ ಒಲೆಯಿಂದ ಇಳಿಸಬಾರದು. ಇದು ತಾಯಿ ಹಾಕಿಕೊಟ್ಟ ಗೆರೆ. ಮೂವತ್ತನಾಲ್ಕು ವರ್ಷ ತುಮಿರಾ ಆ ಗೆರೆ ದಾಟಿರಲಿಲ್ಲ.

ಆ ಮೂವತ್ತನಾಲ್ಕು ವರ್ಷವೂ ಅವಳು ಬಿದಿರ ಬುಟ್ಟಿಯಲ್ಲಿ ಸೀಸೆ ಜೋಡಿಸಿ, ಬಾತಿಕ್ ಬಟ್ಟೆಯಲ್ಲಿ ಬೆನ್ನಿಗೆ ಕಟ್ಟಿಕೊಂಡು, ಕೆಡುಂಗ್‌ಸಾರಿಯಿಂದ ಪೇಟೆಯವರೆಗೆ ದಿನಾ ನಡೆದವಳು. ಬಾಣಂತಿಗೆ ಒಂದು ಸೀಸೆ, ಕೆಮ್ಮಿಗೆ ಒಂದು, ಗದ್ದೆಯಲ್ಲಿ ಬೆನ್ನು ಬಗ್ಗಿಸಿದವರಿಗೆ ಒಂದು. ಊರಿಗೆಲ್ಲ ಅವಳು ಯೂ ತುಮಿರಾ, ಅಂದರೆ ತುಮಿರಕ್ಕ. ಗಂಡ ಸರ್ಜೋನೊ ಮನೆಯಲ್ಲಿ ಕೂತು ಮರದ ಒರಳಲ್ಲಿ ಬೇರು ಕುಟ್ಟಿಕೊಡುತ್ತಿದ್ದ. ಅವರಿಗೆ ಮಕ್ಕಳಾಗಲಿಲ್ಲ. ಯಾರಾದರೂ ಆ ಮಾತೆತ್ತಿದರೆ, "ನಮ್ಮನೇಲಿ ಬೆಳಿಗ್ಗೆ ಎದ್ದು ಅಳೋದಕ್ಕೆ ಒರಳು ಇದೆಯಲ್ಲಪ್ಪ" ಎಂದು ಅವನು ನಕ್ಕು ಮುಗಿಸುತ್ತಿದ್ದ.

ಆಮೇಲೆ ಅವಳ ಮಂಡಿ ಕೈಕೊಟ್ಟಿತು, ಬುಟ್ಟಿ ಅಟ್ಟ ಸೇರಿತು. ಅದೇ ಮಳೆಗಾಲದಲ್ಲಿ ಸರ್ಜೋನೊನ ಕಣ್ಣು ಹಳದಿಯಾಯಿತು, ಹೊಟ್ಟೆ ಊದಿತು. ಸೋಲೋ ಪಟ್ಟಣದ ವೈದ್ಯರು ಪಟ ತೆಗೆಸಿ, ಯಕೃತ್ತು ಕಲ್ಲಾಗಿದೆ ಎಂದು ಹೇಳಿ, ಮನೆಗೆ ಕರಕೊಂಡು ಹೋಗಿ ಎಂದರು. ತುಮಿರಾ ದಿನಾ ಕಾಡರಿಶಿನದ ಗೆಡ್ಡೆ ತೇಯ್ದು ಕೊಟ್ಟಳು. ಎಷ್ಟೋ ಜನರ ಯಕೃತ್ತಿಗೆ ತಂಪೆರೆದ ಗೆಡ್ಡೆ ಅದು. ಅವನು ಕುಡಿಯುತ್ತಿದ್ದ, ಅವಳು ಬೇಡುತ್ತಿದ್ದಳು, ದೇವರು ಕೇಳುತ್ತಿದ್ದ, ಆದರೆ ಹೊಟ್ಟೆ ಇಳಿಯಲಿಲ್ಲ.

ತುಮಿರಾಳ ತಂಗಿಯ ಮಗ ವಾರ್ದೊಯೊ ಪಕ್ಕದ ಮನೆಯಲ್ಲೇ ಇದ್ದ. ಹಿತ್ತಿಲಾಚೆ ಬಿದಿರ ಕಂಬಗಳ ಮೇಲೆ ಎತ್ತಿ ಕಟ್ಟಿದ ಶೆಡ್ಡಿನಲ್ಲಿ ಎರಡು ಸಾವಿರ ಬ್ರಾಯ್ಲರ್ ಕೋಳಿ ಸಾಕುತ್ತಿದ್ದ. ಕೋಳಿಮೇವಿಗೆ ಬೆಳವಣಿಗೆಯ ಔಷಧಿ ಬೆರೆಸಬಾರದೆಂದು ಸರ್ಕಾರ ನಿಲ್ಲಿಸಿದ ಮೇಲೆ ಅವನ ಎರಡು ತಂಡ ಮರಿಗಳು ಹೊಟ್ಟೆ ಕೆಟ್ಟು ಸೊರಗಿದವು. ಒಂದು ಸಂಜೆ ಬಂದು ತುಮಿರಾಳ ಅಡಿಗೆಮನೆ ಹೊಸ್ತಿಲ ಮೇಲೆ ಕೂತ.

"ದೊಡ್ಡಮ್ಮ, ಊರ ಹೆಂಗಸರ ಹೊಟ್ಟೆನೆಲ್ಲ ನೆಟ್ಟಗೆ ಮಾಡ್ದೆ. ನನ್ನ ಕೋಳಿಗಳ ಹೊಟ್ಟೆ ನೆಟ್ಟಗೆ ಮಾಡೋಕಾಗಲ್ವಾ?"

ಒಳಗೆ ಬಿದಿರ ಮಂಚದ ಮೇಲೆ ಮಲಗಿದ್ದ ಸರ್ಜೋನೊ ಕೂಗಿದ: "ಏನೋ ಅದು? ಅರಮನೆ ಹೆಣ್ಮಕ್ಕಳು ಕುಡೀತಿದ್ದ ಜಾಮುನ ಕೋಳಿಗೆ ಕುಡಿಸ್ತೀಯೇನೋ?"

"ಅರಮನೆಯೋರು ಯಾವತ್ತು ನಮ್ಮನೆ ಬಾಗ್ಲಿಗೆ ಬಂದಿದ್ರು ಕಾಂಗ್?" ತುಮಿರಾ ಸೌಟು ತಿರುವುತ್ತಲೇ ಅಂದಳು. ಗಂಡನನ್ನು ಅವಳು ಮದುವೆಯಾದಂದಿನಿಂದ ಕಾಂಗ್ ಎಂದೇ ಕರೆಯುತ್ತಿದ್ದಳು, ಅಣ್ಣ ಎಂದ ಹಾಗೆ. "ಬಂದಿದ್ದು ಮೀನು ಮಾರೋ ಸಿತಿ, ಸೈಕಲ್ ರಿಪೇರಿ ಮುಜ್ಜಿ. ಆ ಮುಜ್ಜಿಗಿಂತ ಕೋಳಿ ವಾಸಿ, ಕುಡಿದ ಮೇಲೆ ಮುಖ ಕಿವುಚಲ್ಲ."

ಹಾಗೆ ಶುರುವಾಯಿತು. ಕಾಡರಿಶಿನ, ಅರಿಶಿನ, ಶುಂಠಿ, ಕಚ್ಚೂರ, ಬೆಳ್ಳುಳ್ಳಿ, ವೀಳ್ಯದೆಲೆ, ಕೊನೆಗೆ ಲೆಕ್ಕ ನೋಡಿ ನೆಲಬೇವು. ಮೂರು ತಾಸು ಕುದಿಸಿ, ಸೋಸಿ, ಬೆಲ್ಲ ಕರಗಿಸಿ, ಬೆಳಗಿನ ಕುಡಿಯುವ ನೀರಿಗೆ ಬೆರೆಸುವುದು. ಮರಿಗಳ ಹಿಕ್ಕೆ ಗಟ್ಟಿಯಾಯಿತು, ಕಾಲಿಗೆ ಹಳದಿ ಮೆರುಗು ಬಂತು, ತೂಕ ಏರಿತು. ಮೂರು ತಂಡ ಚೆನ್ನಾಗಿ ಹೋದವು. ಒಮ್ಮೆ ವಾರ್ದೊಯೊ ಕೇಳಿದ್ದ: "ಪ್ರತಿ ಸಲ ನುಂಗಿ ನೋಡ್ತೀಯಲ್ಲ ದೊಡ್ಡಮ್ಮ, ಕೋಳಿ ಏನು ದೂರು ಹೇಳೋಕ್ಕೆ ಬರ್ತವಾ?"

"ಬರಲ್ಲ. ಅದಕ್ಕೇ ನೋಡೋದು. ಬಾಯಿಲ್ಲದ ಜೀವಕ್ಕೆ ಕೊಡೋದನ್ನ ಬಾಯಿರೋರು ಮೊದ್ಲು ನುಂಗಬೇಕು."

"ಮೂವತ್ತೆರಡು ದಿನದ ಜೀವ ಅದು."

"ಮೂವತ್ತೆರಡು ದಿನಾನೂ ದಿನವೇ ಅಲ್ವಾ? ನಿನ್ನ ಆಯುಷ್ಯ ದೇವರ ಮುಂದೆ ಎಷ್ಟು ದಿನ ಅಂತ ಕಾಣುತ್ತೋ."

ನಾಲ್ಕನೆಯ ತಂಡದ ಮರಿಗಳು ಬಂದು ಮೂರು ದಿನಕ್ಕೆ ರಂಜಾನ್ ಚಂದ್ರ ಕಂಡಿತು. ಹಬ್ಬದ ಹೊತ್ತಿಗೆ ಸರಿಯಾಗಿ ಬೆಳೆದು ನಿಲ್ಲುವ ತಂಡ. ಊರಿಗೆ ಊರೇ ಉಪವಾಸ ಹಿಡಿಯಿತು. ತುಮಿರಾಳ ಮುಂದೆ, ಹಿಂದೆಂದೂ ಬರದಿದ್ದ ಒಂದು ಗಂಟು ಬಂದು ಕೂತಿತು. ಜನರಿಗೆ ಜಾಮು ಮಾರುತ್ತಿದ್ದಾಗ ಉಪವಾಸದ ತಿಂಗಳಲ್ಲಿ ವ್ಯಾಪಾರ ಸೂರ್ಯ ಮುಳುಗಿದ ಮೇಲೆ. ಖರ್ಜೂರ ಬಾಯಿಗಿಟ್ಟು, ಆಮೇಲೆ ರುಚಿ ನೋಡಿ ಹೊರಡುತ್ತಿದ್ದಳು. ಕೋಳಿಗಳಿಗೆ ಉಪವಾಸವಿಲ್ಲ. ಅವಕ್ಕೆ ಬೆಳಿಗ್ಗೆಯೇ ಬೇಕು. ಹಿಂದಿನ ಸಂಜೆ ಮಾಡಿಟ್ಟರೆ ಹುಳಿಯುತ್ತದೆ. ನಸುಕಿನ ಸಹರಿ ಊಟಕ್ಕೆ ಮೊದಲೇ ಕುದಿಸೋಣವೆಂದರೆ, ಅನ್ನ ಬೇಯಬೇಕು, ಮಲಗಿದವನನ್ನು ಎತ್ತಿ ತೊಳೆಯಬೇಕು, ಇರುವುದು ಎರಡೇ ಕೈ.

ಅವಳು ಮಸೀದಿಯ ಗುರುಗಳ ಹೆಂಡತಿ ನ್ಯಾಯಿ ಸಲಾಮಾಳನ್ನು ಕೇಳಿದಳು. "ಅಡಿಗೆ ಮಾಡೋರು ನಾಲಿಗೆ ತುದೀಲಿ ನೋಡಿ ಉಗುಳಬಹುದು ಯೂ, ದೋಷ ಇಲ್ಲ" ಎಂದಳು ಆಕೆ.

"ತುದೀಲಿ ಗೊತ್ತಾಗಲ್ಲ ನ್ಯಾಯಿ. ನುಂಗಬೇಕು."

"ನುಂಗಿದ್ರೆ ಉಪವಾಸ ಹೋಯ್ತು."

"ಅದೇ ಮತ್ತೆ."

ಮನೆಗೆ ಬಂದು ಇದನ್ನೆಲ್ಲ ಗಂಡನ ಕಾಲು ಒತ್ತುತ್ತ ಹೇಳಿದಳು. ಹನ್ನೆರಡನೇ ವಯಸ್ಸಿನಿಂದ ಒಂದು ದಿನವೂ ತಪ್ಪಿಸದ ಉಪವಾಸ ಆ ವರ್ಷ ಅವನಿಗೆ ಇರಲಿಲ್ಲ. ರೋಗಿಗೆ ಮಾಫಿ ಇದೆ, ದಿನಕ್ಕೊಬ್ಬ ಬಡವನಿಗೆ ಅಕ್ಕಿ ಕೊಟ್ಟರಾಯಿತು ಎಂದು ಗುರುಗಳೇ ಬಂದು ಹೇಳಿ ಹೋಗಿದ್ದರು. ಆದರೂ ಹಗಲಲ್ಲಿ ಗಂಜಿ ಕುಡಿಯುವಾಗ ಅವನು ಗೋಡೆಯ ಕಡೆ ತಿರುಗಿಕೊಳ್ಳುತ್ತಿದ್ದ. ಯಾರಾದರೂ ಬಂದರೆ ಬಟ್ಟಲನ್ನು ಚಾದರದೊಳಗೆ ತಳ್ಳುತ್ತಿದ್ದ.

"ಮಿರಾ, ನಾನು ನೋಡ್ತೀನಿ" ಎಂದ.

"ಏನು?"

"ರುಚಿ. ನನ್ನ ಬಾಯಿ ಹೆಂಗೂ ಬಿಟ್ಟಿ ಬಿದ್ದಿದೆ. ಮೂವತ್ತನಾಲ್ಕು ವರ್ಷ ಕುಟ್ಟಿದೋನು, ನನಗೆ ಗೊತ್ತಾಗಲ್ವಾ? ಉಪವಾಸ ಇಲ್ಲದ ಬಾಯಿಗೆ ದೇವರು ಒಂದು ಕೆಲಸ ಇಟ್ಟಿದ್ದಾನೆ ಅನ್ಕೋ."

ಮರುದಿನ ಬೆಳಿಗ್ಗೆ ಅವಳು ಬಟ್ಟಲು ತಂದಾಗ ಅವನು ಆಗಲೇ ದಿಂಬಿಗೆ ಒರಗಿ ಕೂತಿದ್ದ. ತಲೆಗೆ ಟೋಪಿ ಇಟ್ಟಿದ್ದ, ಮೀಸೆ ನೀವಿದ್ದ. ಬಿಸ್ಮಿಲ್ಲಾ ಹೇಳಿ, ಕಣ್ಣು ಮುಚ್ಚಿ, ಒಂದು ಗುಟುಕು ನುಂಗಿದ. ಗಂಟಲ ಮಣಿ ಮೇಲೆ ಹೋಗಿ ಕೆಳಗೆ ಬಂತು.

"ಸರಿಯಾಗಿದೆ. ಇಳಿಸು."

ಎಷ್ಟೋ ತಿಂಗಳ ಮೇಲೆ ಅವನು ಯಜಮಾನನ ಹಾಗೆ ಮಾತಾಡಿದ್ದ. ತುಮಿರಾ ನಕ್ಕಳು. ಅವನೂ ನಕ್ಕು ಹಳೆಯ ಕತೆ ತೆಗೆದ. ಹನ್ನೊಂದರ ವಯಸ್ಸಿನಲ್ಲಿ ಉಪವಾಸದ ಮಧ್ಯಾಹ್ನ ಬಾಳೆಗೊನೆಯ ಹತ್ತಿರ ಹೋಗಿ ಎರಡು ಹಣ್ಣು ನುಂಗಿ, ಸಿಕ್ಕಿಬಿದ್ದಾಗ ಮರೆತು ತಿಂದೆ ಎಂದಿದ್ದನಂತೆ. ಮರೆತು ತಿಂದದ್ದಕ್ಕೆ ಉಪವಾಸ ಮುರಿಯುವುದಿಲ್ಲ, ಅದು ದೇವರೇ ಉಣಿಸಿದ್ದು ಎಂದು ಶಾಸ್ತ್ರವಿದೆ. ಅವನ ಅಪ್ಪ ಕಿವಿ ಹಿಡಿದು, "ದೇವರು ಉಣಿಸಿದ್ದು ಸರಿ ಕಣೋ, ಸಿಪ್ಪೆ ಬಚ್ಚಿಡೋಕ್ಕೂ ದೇವರೇ ಹೇಳಿದ್ನಾ?" ಎಂದಿದ್ದನಂತೆ. ಈ ಕತೆಯನ್ನು ಅವಳು ನೂರು ಸಲ ಕೇಳಿದ್ದಳು. ನೂರ ಒಂದನೆಯ ಸಲವೂ ನಕ್ಕಳು.

ಹನ್ನೆರಡನೆಯ ಉಪವಾಸದವರೆಗೆ ಹೀಗೆ ನಡೆಯಿತು. ಮರಿಗಳು ಹದಿನೈದು ದಿನದವಾದವು, ರೆಕ್ಕೆ ಬಲಿತವು.

ಹದಿಮೂರನೆಯ ಉಪವಾಸದ ದಿನ ನೆಲಬೇವಿನ ಹೊಸ ಕಟ್ಟು ಬಂತು. ವೊನೊಗಿರಿ ಗುಡ್ಡದ ಕಡೆಯದು, ಹೂ ಬಿಟ್ಟ ಮೇಲೆ ಕೊಯ್ದದ್ದು. ಎಲೆಯ ಬಣ್ಣ ಕಪ್ಪಗಿತ್ತು. ಕಹಿ ಹೆಚ್ಚಿರಬಹುದೆಂದು ತುಮಿರಾಳ ಕೈಗೆ ಅನುಮಾನ ಬಂತು. ಬಟ್ಟಲು ಕೊಡುವಾಗ, "ಕಾಂಗ್, ಇವತ್ತು ಹೊಸ ಕಟ್ಟು. ಸರಿಯಾಗಿ ನೋಡು" ಎಂದಳು.

ಅವನು ಎರಡು ಗುಟುಕು ನುಂಗಿದ. ತುಂಬಾ ಹೊತ್ತು ಕಣ್ಣು ಮುಚ್ಚಿಕೊಂಡಿದ್ದ. "ಸರಿಯಾಗಿದೆ. ಇನ್ನೊಂದು ಹಿಡಿ ಹಾಕಿದ್ರೂ ತಡೀತದೆ."

ಅವಳು ಇನ್ನೊಂದು ಹಿಡಿ ಹಾಕಿದಳು. ಮರುದಿನವೂ ಹಾಗೆಯೇ ಮಾಡಿದಳು.

ಹದಿನೈದನೆಯ ದಿನ ಬಿಸಿಲು ಕಾದ ಹೆಂಚಿನ ಹಾಗಿತ್ತು. ಮಧ್ಯಾಹ್ನದ ನಮಾಜು ಮುಗಿಸಿ ಅವಳು ಚಾಪೆ ಮಡಚುತ್ತಿದ್ದಾಗ ವಾರ್ದೊಯೊ ಹಿತ್ತಿಲಿಂದ ಕೂಗಿದ. ಕುಂಟುತ್ತ ಹೋದಳು. ಶೆಡ್ಡಿನ ಪರದೆಗಳನ್ನು ಪೂರ್ತಿ ಎತ್ತಿದ್ದರೂ ಒಳಗೆ ಗಾಳಿಯಿರಲಿಲ್ಲ. ಕೋಳಿಗಳು ಕೊಕ್ಕು ತೆರೆದು, ರೆಕ್ಕೆ ಬಿಟ್ಟು, ಹೊಟ್ಟಿನ ಮೇಲೆ ಬಿದ್ದುಕೊಂಡಿದ್ದವು. ಬಾಯಾರಿ ಸಾಯುತ್ತಿದ್ದವು, ಆದರೆ ನೀರಿನ ಬಟ್ಟಲುಗಳು ತುಂಬಿಯೇ ಇದ್ದವು. ಒಂದು ಕೋಳಿ ಎದ್ದು ಬಂದು ಕೊಕ್ಕು ಅದ್ದಿತು, ತಲೆ ಕೊಡವಿತು, ಹನಿಗಳನ್ನು ಚೆಲ್ಲಿ ಹಿಂದೆ ಸರಿಯಿತು. ಇನ್ನೊಂದು ಬಂತು. ಅದೂ ಹಾಗೆಯೇ ಮಾಡಿತು.

"ಬೆಳಗಿಂದ ನಲವತ್ತು ಹೋದ್ವು" ಎಂದ ವಾರ್ದೊಯೊ. ಬೆವರೋ ಕಣ್ಣೀರೋ, ಮುಖವೆಲ್ಲ ಒದ್ದೆ. "ಎರಡು ದಿನದಿಂದ ನೀರು ಕಮ್ಮಿ ಕುಡೀತಿದ್ವು. ಸೆಕೆಗೆ ಅಂತ ಸುಮ್ನಿದ್ದೆ. ಸೆಕೆಗಾದ್ರೆ ಜಾಸ್ತಿ ಕುಡೀಬೇಕಲ್ವಾ ದೊಡ್ಡಮ್ಮ?"

ಅವನ ಹೆಂಡತಿ ಪೂರ್ವಂತಿ ಆರು ತಿಂಗಳ ಬಸುರಿ, ಅವಳಿಗೂ ಆ ವರ್ಷ ಉಪವಾಸದಿಂದ ಮಾಫಿ. ಯಾರೂ ಹೇಳದೆಯೇ ಅವಳು ಡ್ರಮ್ಮಿನಿಂದ ಅಂಗೈಗೆ ನೀರು ತೆಗೆದು ಬಾಯಿಗೆ ಹಾಕಿಕೊಂಡಳು. ನುಂಗಿದಳು. ಮುಖ ಕಿವುಚಿ, ಬಾಯಿಗೆ ಸೆರಗು ಹಿಡಿದು, ಬೇಲಿಯ ಹತ್ತಿರ ಓಡಿ ವಾಂತಿ ಮಾಡಿದಳು.

"ಅಯ್ಯೋ ಯೂ! ಇದು ಕಷಾಯ ಅಲ್ಲ, ಶಿಕ್ಷೆ!"

ತುಮಿರಾ ಡ್ರಮ್ಮಿನ ಅಂಚು ಹಿಡಿದು ನಿಂತಳು. ಆ ಕ್ಷಣದಲ್ಲಿ ಅವಳಿಗೆ ಕೋಳಿಗಳ ನೆನಪಾಗಲಿಲ್ಲ. ಐದನೆಯ ಉಪವಾಸದ ದಿನ ಸಾರಿಗೆ ಉಪ್ಪು ಹಾಕಲು ಮರೆತಿದ್ದು ನೆನಪಾಯಿತು. ಸರ್ಜೋನೊ ಬಟ್ಟಲು ಖಾಲಿ ಮಾಡಿ, ಇವತ್ತು ಸಾರು ಏನು ರುಚಿಯಾಗಿದೆ ಮಿರಾ ಎಂದಿದ್ದ. ಸಂಜೆ ತಾನು ಬಾಯಿಗಿಟ್ಟಾಗ ಅದು ಸಪ್ಪೆ ನೀರು. ಗಂಡ ಹೆಂಡತಿಯ ಮನಸ್ಸು ನೋಯಿಸಬಾರದೆಂದು ಹೊಗಳಿದ ಎಂದುಕೊಂಡು ಒಳಗೊಳಗೇ ಹಿಗ್ಗಿದ್ದಳು.

"ಎಲ್ಲಾ ಚೆಲ್ಲಿಬಿಡಿ" ಎಂದಳು. "ಬಾವಿ ನೀರು ತುಂಬಿ. ಸ್ವಲ್ಪ ಬೆಲ್ಲ ಹಾಕಿ. ನಾನು ಈಗ ಬಂದೆ."

ಅಡಿಗೆಮನೆಗೆ ಹೋಗಿ ಬಿಸಿನೀರಿಗೆ ಚಿಟಿಕೆ ಅರಿಶಿನ ಕದಡಿದಳು. ಬೇರೇನೂ ಹಾಕಲಿಲ್ಲ, ನೆಲಬೇವಿನ ಒಂದು ಎಲೆಯೂ ಅದರಲ್ಲಿರಲಿಲ್ಲ. ಬಟ್ಟಲು ಹಿಡಿದು ಮಂಚದ ಹತ್ತಿರ ಬಂದಳು.

"ನಾಳೆಗೆ ಬೇರೆ ಥರ ಮಾಡಿ ನೋಡಿದೆ ಕಾಂಗ್. ಹೇಗಿದೆ ಹೇಳು."

ಅವನು ಟೋಪಿ ಹುಡುಕಿದ, ಇಟ್ಟುಕೊಂಡ, ಬಿಸ್ಮಿಲ್ಲಾ ಹೇಳಿದ, ನುಂಗಿದ. ಕಣ್ಣು ಮುಚ್ಚಿದ್ದವನು ನಿಧಾನವಾಗಿ ತಲೆದೂಗಿದ.

"ಕಹಿ ಸರಿಯಾಗಿ ಕೂತಿದೆ. ಶುಂಠಿ ಮಾತ್ರ ಒಂದು ಹಿಡಿ ಕಮ್ಮಿ ಆಯ್ತು."

ತುಮಿರಾ ಬಟ್ಟಲು ಇಸಿದುಕೊಂಡಳು. ಅವನಿಗೆ ರುಚಿ ಹೋಗಿದೆ ಎನ್ನುವುದು ಅವನಿಗೇ ಗೊತ್ತಿದೆ ಎಂದು ಅವಳಿಗೆ ಆ ಶುಂಠಿಯ ಮಾತಿನಿಂದ ತಿಳಿಯಿತು. ಗೊತ್ತಿಲ್ಲದವನು ಸರಿಯಾಗಿದೆ ಎಂದು ಸುಮ್ಮನಾಗುತ್ತಿದ್ದ. ಗೊತ್ತಿದ್ದವನೇ ಹೀಗೆ ಒಂದು ಹಿಡಿ ಹೆಚ್ಚು, ಒಂದು ಹಿಡಿ ಕಡಿಮೆ ಎಂದು ಪೋಣಿಸುತ್ತಾನೆ. ಇನ್ನೊಂದೂ ತಿಳಿಯಿತು. ದೇಹದಲ್ಲಿ ದೀಪಗಳು ಒಂದೊಂದಾಗಿ ಆರುತ್ತಿವೆ. ಮೊದಲು ಕೈಯ ಬಲ, ಆಮೇಲೆ ಕಾಲು, ಈಗ ಬಾಯಿ. ವೈದ್ಯರು ಹೇಳದಿದ್ದದ್ದನ್ನು ಕೋಳಿಗಳು ಹೇಳಿದ್ದವು.

"ಶುಂಠಿ ಹಾಕ್ತೀನಿ" ಎಂದಳು.

ಅಂಗಳದಲ್ಲಿ ವಾರ್ದೊಯೊ ಎದುರಾದ. ಅವನ ಬುಟ್ಟಿಯಲ್ಲಿ ಸತ್ತ ಕೋಳಿಗಳಿದ್ದವು.

"ದೊಡ್ಡಪ್ಪಂಗೆ ಹೇಳ್ತೀನಿ" ಎಂದ. "ಇನ್ನು ಮೇಲೆ ನೋಡೋದು ಬೇಡ ಅಂತ. ಬೈಯಲ್ಲ ದೊಡ್ಡಮ್ಮ, ಮೆತ್ತಗೆ ಹೇಳ್ತೀನಿ. ಅವರ ಬಾಯಿ ಕೆಟ್ಟಿದೆ ಅಷ್ಟೆ."

"ಅವರ ಬಾಯಿಗೇನೂ ಆಗಿಲ್ಲ. ನಾನೇ ಕೈ ತಪ್ಪಿದೆ. ಅವರು ನೋಡಿ ಸರಿ ಅಂದ ಮೇಲೆ ನಾನು ಇನ್ನೆರಡು ಹಿಡಿ ಸುರಿದುಬಿಟ್ಟೆ."

ವಾರ್ದೊಯೊ ಅವಳ ಮುಖ ನೋಡಿದ. "ನಾನು ಹುಟ್ಟಿದಾಗಿಂದ ನಿನ್ನ ಕೈ ತಪ್ಪಿದ್ದು ನೋಡಿಲ್ಲ."

"ಇವತ್ತು ನೋಡು."

"ಉಪವಾಸದಲ್ಲಿ ಇದ್ದೀಯ ದೊಡ್ಡಮ್ಮ."

"ಇದ್ದೀನಿ. ಅದಕ್ಕೇ ತಲೆ ಸುತ್ತಿ ಕೈ ತಪ್ಪಿತು ಅಂತ ತಿಳ್ಕೊ. ಮಗಾ, ಅವರಿಗೆ ಉಳಿದಿರೋದು ಇದೊಂದೇ ಕೆಲಸ. ಅದನ್ನ ಕಿತ್ಕೋಬೇಡ. ನಾಳೆಯಿಂದ ಪೂರ್ವಂತಿನ ಕಳಿಸು. ಅಡಿಗೆಮನೇಲಿ ಅವಳು ಮೊದ್ಲು ನುಂಗಲಿ. ಆಮೇಲೆ ಬಟ್ಟಲು ಒಳಗೆ ಹೋಗುತ್ತೆ."

ವಾರ್ದೊಯೊ ಬುಟ್ಟಿಯನ್ನು ಆ ಕೈಯಿಂದ ಈ ಕೈಗೆ ಬದಲಿಸಿ, ಗುಂಡಿ ತೋಡಲು ಹೋದ.

ಸಂಜೆ ಗಂಡ ಕೇಳಿದ: "ಕೋಳಿ ಸತ್ತವಂತೆ?"

"ಸೆಕೆಗೆ."

"ಕಷಾಯದಿಂದ ಅಲ್ವಾ?"

"ಕಷಾಯಕ್ಕೇನು ಬಂತು? ನೀನೇ ನೋಡಿದ್ಯಲ್ಲ."

ಅವನು ತಲೆ ಅಲ್ಲಾಡಿಸಿ, ಗೋಡೆಯ ಕಡೆ ತಿರುಗಿದ.

ಆವತ್ತು ರಾತ್ರಿಯ ಪ್ರಾರ್ಥನೆಯ ನಂತರ ಗುರುಗಳು ಹೇಳಿದ ಮಾತು ತನಗಾಗಿಯೇ ಹೇಳಿದಂತಿತ್ತು: ಸುಳ್ಳು ಬಿಡದವನ ಅನ್ನ ನೀರು ಬಿಡುವಿಕೆ ದೇವರಿಗೆ ಬೇಕಿಲ್ಲ, ಅಂಥವನಿಗೆ ಉಪವಾಸದಿಂದ ಸಿಗುವುದು ಬರೀ ಹಸಿವು. ತುಮಿರಾ ಹೆಂಗಸರ ಸಾಲಿನಲ್ಲಿ ಬಿಳಿಯ ಮುಸುಕಿನೊಳಗೆ ತಲೆ ತಗ್ಗಿಸಿ ಕೂತಿದ್ದಳು. ದೇವರೊಡನೆ ವಾದ ಮಾಡುವ ಹೆಂಗಸಲ್ಲ ಅವಳು. ಸುಳ್ಳು ಬೇಕೇ ಬೇಕು, ಸುಳ್ಳಿನ ಬೆಲೆಯೂ ತೆರಬೇಕು, ಎರಡೂ ಅವಳಿಗೆ ಸ್ಪಷ್ಟವಾಗಿತ್ತು. ಮನೆಗೆ ಬಂದು ಕಚ್ಚೂರದ ಒಂದು ಒಣ ಚೂರನ್ನು ಹಳೆಯ ಬಿಸ್ಕತ್ತಿನ ಡಬ್ಬಿಗೆ ಹಾಕಿದಳು. ಈ ದಿನದ ಉಪವಾಸ ನನ್ನದಲ್ಲ. ಹಬ್ಬ ಕಳೆದ ಮೇಲೆ ಮತ್ತೆ ಹಿಡಿಯುತ್ತೇನೆ ಎಂದುಕೊಂಡಳು.

ಅಲ್ಲಿಂದ ದಿನಾ ಹಾಗೆಯೇ ನಡೆಯಿತು. ಪೂರ್ವಂತಿ ಬೆಳಿಗ್ಗೆ ಹಿತ್ತಿಲ ಬಾಗಿಲಿಂದ ಬಂದು, ಮೂಗು ಹಿಡಿದು ಒಂದು ಗುಟುಕು ನುಂಗುತ್ತಿದ್ದಳು. "ಹುಟ್ಟೋ ಮಗು ಹಳದಿ ಬಣ್ಣದ್ದಾಗುತ್ತೆ ಯೂ, ನೋಡ್ತಿರು" ಎಂದು ಪಿಸುಗುಡುತ್ತಿದ್ದಳು. "ಆಗ್ಲಿ, ಜೊತೆಗೆ ಹೊಟ್ಟೆ ಕೆಡದ ಮಗು ಆಗುತ್ತೆ" ಎನ್ನುತ್ತಿದ್ದಳು ತುಮಿರಾ. ಆಮೇಲೆ ಬಟ್ಟಲು ಒಳಗೆ ಹೋಗುತ್ತಿತ್ತು. ಟೋಪಿ, ಬಿಸ್ಮಿಲ್ಲಾ, ಮುಚ್ಚಿದ ಕಣ್ಣು. ಒಂದು ದಿನ ಬೆಳ್ಳುಳ್ಳಿ ಹೆಚ್ಚು, ಇನ್ನೊಂದು ದಿನ ವೀಳ್ಯದೆಲೆ ಕಡಿಮೆ. "ನೀನು ಹೇಳಿದ ಹಾಗೇ ಮಾಡ್ದೆ ಕಾಂಗ್" ಎಂದು ಅವಳು ಹೇಳುತ್ತಿದ್ದಳು. ಡಬ್ಬಿಯಲ್ಲಿ ಚೂರುಗಳು ಬೆಳೆಯುತ್ತಿದ್ದವು. ಅವನಿಗೆ ದಿಂಬಿಗೆ ಒರಗಲು ಮೊದಲು ಒಂದು ಕೈ ಆಸರೆ ಸಾಕಿತ್ತು. ಆಮೇಲೆ ಎರಡೂ ಕೈ ಬೇಕಾಯಿತು. ಕೊನೆಗೆ ಅವಳು ಹಿಂದೆ ಕೂತು ತನ್ನ ಎದೆಗೆ ಒರಗಿಸಿಕೊಂಡು ಬಟ್ಟಲು ಹಿಡಿಯುತ್ತಿದ್ದಳು. ಟೋಪಿಯನ್ನೂ ಅವಳೇ ಇಡುತ್ತಿದ್ದಳು.

ಇಪ್ಪತ್ತೆಂಟನೆಯ ಉಪವಾಸದ ದಿನ ಲಾರಿ ಬಂದು ಕೋಳಿಗಳನ್ನು ತುಂಬಿಕೊಂಡು ಹೋಯಿತು. ತೂಕ ಸ್ವಲ್ಪ ಹಿಂದೆ ಬಿದ್ದಿತ್ತು, ಆದರೆ ಆರೋಗ್ಯವಾಗಿದ್ದವು. ಖಾಲಿ ಶೆಡ್ಡಿನಿಂದ ಸದ್ದು ಬರದೆ ಹಿತ್ತಿಲು ಬಿಕೋ ಎನ್ನುತ್ತಿತ್ತು. "ಹೋದ್ವಾ?" ಎಂದು ಸರ್ಜೋನೊ ಕೇಳಿದ. "ಹೋದ್ವು." "ಚೆನ್ನಾಗಿ ಬೆಳೆದಿದ್ವಾ?" "ಚೆನ್ನಾಗಿ." ಅವನು ತೃಪ್ತಿಯಿಂದ ಕಣ್ಣು ಮುಚ್ಚಿದ. ಡಬ್ಬಿಯಲ್ಲಿ ಹದಿಮೂರು ಚೂರುಗಳಿದ್ದವು.

ಉಪವಾಸದ ತಿಂಗಳು ಮುಗಿದು ಬರುವ ಲೆಬಾರಾನ್ ಹಬ್ಬದ ಬೆಳಿಗ್ಗೆ, ದೊಡ್ಡ ನಮಾಜು ಮುಗಿಸಿ ಬಂದು, ತುಮಿರಾ ಗಂಡನ ಮಂಚದ ಮುಂದೆ ಮಂಡಿಯೂರಿದಳು. ನೋಯುವ ಮಂಡಿಯನ್ನು ಒಂದು ಕೈಯಲ್ಲಿ ಹಿಡಿದೇ ಊರಿದಳು. ವರ್ಷಕ್ಕೊಮ್ಮೆ ಕಿರಿಯರು ಹಿರಿಯರ ಮುಂದೆ, ಹೆಂಡತಿ ಗಂಡನ ಮುಂದೆ ಹೀಗೆ ತಲೆಯಿಟ್ಟು, ಹೊರಗಿನ ತಪ್ಪಿಗೂ ಒಳಗಿನ ತಪ್ಪಿಗೂ ಕ್ಷಮೆ ಕೇಳಬೇಕು. ಆ ಮಾತುಗಳನ್ನು ಅವಳು ಮೂವತ್ತೇಳು ಸಲ ಹೇಳಿದ್ದಳು, ನೀರು ಹರಿದ ಹಾಗೆ. ಈ ಸಲ ಒಳಗಿನ ತಪ್ಪು ಎನ್ನುವಲ್ಲಿಗೆ ಬಂದು ಧ್ವನಿ ನಿಂತಿತು. ಡಬ್ಬಿಯ ಹದಿಮೂರು ಚೂರುಗಳು ನೆನಪಾದವು.

ಸರ್ಜೋನೊ ಅವಳ ತಲೆಯ ಮೇಲೆ ಕೈಯಿಟ್ಟ. ಎಲೆಯಷ್ಟು ಹಗುರದ ಕೈ.

"ಒಳಗಿಂದೂ ಹೋಯ್ತು, ಹೊರಗಿಂದೂ ಹೋಯ್ತು ಮಿರಾ" ಎಂದ. ಉಸಿರು ತೆಗೆದುಕೊಂಡ. "ನಂದೂ ಒಂದಿದೆ. ಹೇಳಿಬಿಡ್ಲಾ?"

ಅವಳು ತಲೆಯೆತ್ತಲಿಲ್ಲ. ಅವನು ಹೇಳಿಬಿಟ್ಟರೆ ಟೋಪಿ, ಬಿಸ್ಮಿಲ್ಲಾ, ಮುಚ್ಚಿದ ಕಣ್ಣು ಎಲ್ಲ ಬರೀ ಅರಿಶಿನದ ನೀರಾಗುತ್ತವೆ.

"ಬೇಡ ಕಾಂಗ್. ಹೇಳದೇನೇ ಮಾಫಿ."

ಅವನು ನಕ್ಕ ಹಾಗೆ ಸದ್ದಾಯಿತು. ಆ ಮಧ್ಯಾಹ್ನ ತೆಂಗಿನ ಹಾಲಿನ ಕೋಳಿಸಾರನ್ನು ಎರಡು ಚಮಚೆ ಕುಡಿದು, ರುಚಿಯಾಗಿದೆ ಎಂದ. ಅವಳು ಅದಕ್ಕೆ ಉಪ್ಪು ಸರಿಯಾಗಿಯೇ ಹಾಕಿದ್ದಳು.

ಹಬ್ಬದ ಮರುದಿನದಿಂದ ಅವಳು ಬಾಕಿ ಉಪವಾಸ ಹಿಡಿದಳು. ನ್ಯಾಯಿ ಸಲಾಮಾ, ಇದು ಯಾವ ಲೆಕ್ಕದ್ದು ಯೂ, ನೀನೊಂದು ದಿನವೂ ಬಿಟ್ಟಿಲ್ಲವಲ್ಲ ಎಂದು ಕೇಳಿದಾಗ, ನನ್ನದೇ ಒಂದು ಲೆಕ್ಕ ಎಂದಷ್ಟೇ ಹೇಳಿದಳು. ಒಂದು ದಿನ ಮುಗಿದರೆ ಡಬ್ಬಿಯಿಂದ ಒಂದು ಚೂರು ತೆಗೆದು ಒಲೆಗೆ ಹಾಕುತ್ತಿದ್ದಳು. ಕಚ್ಚೂರದ ಘಮ ಮನೆಯೆಲ್ಲ ತುಂಬುತ್ತಿತ್ತು. ಸರ್ಜೋನೊಗೆ ವಾಸನೆಯಾದರೂ ಸಿಗುತ್ತಿತ್ತೋ ಇಲ್ಲವೋ ಅವಳು ಕೇಳಲಿಲ್ಲ.

ಆರನೆಯ ಉಪವಾಸದ ದಿನ, ಬಿಸಿಲು ಏರುವ ಹೊತ್ತಿಗೆ, ಅವಳು ಅವನ ಬೆನ್ನು ಒರೆಸುತ್ತಿದ್ದಾಗ, ಅವನು ಅವಳ ತೋಳಿನ ಮೇಲೆ ಭಾರವಾದ. ಕಿವಿಯಲ್ಲಿ ಅವಳು ಹೇಳಿದ ದೇವರ ಹೆಸರನ್ನು ತುಟಿಯಲ್ಲಿ ತಿರುಗಿ ಹೇಳಿದ. ಸದ್ದು ಬರಲಿಲ್ಲ. ಊರವರು ಸೂರ್ಯ ಮುಳುಗುವ ಮುಂಚೆಯೇ ಮಣ್ಣು ಮಾಡಿದರು. ಏಳು ದಿನ ಮನೆಯಲ್ಲಿ ಪಠಣ ನಡೆಯಿತು. ಮೂರನೆಯ ದಿನಕ್ಕೆ ಅನ್ನ ಹಂಚಿದಳು, ಏಳನೆಯ ದಿನಕ್ಕೂ ಹಂಚಿದಳು. ತಾನು ಮಾತ್ರ ಹಗಲು ಏನೂ ಮುಟ್ಟಲಿಲ್ಲ. ದುಃಖಕ್ಕೆ ಉಣ್ಣುತ್ತಿಲ್ಲ ಎಂದು ಜನ ಮಾತಾಡಿಕೊಂಡರು. ಅವಳು ಎಣಿಸುತ್ತಿದ್ದಳು.

ಹದಿಮೂರನೆಯದು ಬಂದ ದಿನ ವಾರ್ದೊಯೊನ ಶೆಡ್ಡಿನಲ್ಲಿ ಹೊಸ ಮರಿಗಳು ಚಿಂವ್‌ಗುಡುತ್ತಿದ್ದವು. ಪೂರ್ವಂತಿ ಏಳನೇ ತಿಂಗಳ ಶಾಸ್ತ್ರಕ್ಕೆ ತವರಿಗೆ ಹೋಗಿದ್ದಳು. "ನಾನೇ ನುಂಗಿ ನೋಡ್ತೀನಿ ದೊಡ್ಡಮ್ಮ, ಕುದಿ ಬಂದ ಮೇಲೆ ಕರಿ" ಎಂದು ಹೇಳಿ ವಾರ್ದೊಯೊ ನೀರಿನ ಬಟ್ಟಲು ತೊಳೆಯಲು ಹೋಗಿದ್ದ.

ಕಷಾಯ ಕುದಿ ಬಂತು. ತುಮಿರಾ ಒಂದು ಬಟ್ಟಲು ತುಂಬಿದಳು, ಉರಿ ತಗ್ಗಿಸಿದಳು, ಸೆರಗಿನಿಂದ ಬಟ್ಟಲಿನ ತಳ ಒರೆಸಿದಳು. ಕಾಲು ತಾವೇ ಒಳಗೆ ನಡೆದವು. ಬಿದಿರ ಮಂಚದ ಮೇಲೆ ಚಾಪೆ ಸುತ್ತಿಟ್ಟಿತ್ತು. ಗೋಡೆಯ ಮೊಳೆಗೆ ಟೋಪಿ ನೇತಾಡುತ್ತಿತ್ತು. ಅವಳು ಮಂಚದ ಅಂಚಿನಲ್ಲಿ, ಕೊನೆಯ ದಿನಗಳಲ್ಲಿ ಅವನನ್ನು ಎದೆಗೆ ಒರಗಿಸಿಕೊಂಡು ಕೂರುತ್ತಿದ್ದ ಜಾಗದಲ್ಲಿ ಕೂತಳು. ಬಿಸ್ಮಿಲ್ಲಾ ಎಂದಳು. ಕಣ್ಣು ಮುಚ್ಚಿದಳು. ನುಂಗಿದಳು.

ಶುಂಠಿ ಬಾಗಿಲಲ್ಲೇ ಮಾತಾಡಿತು. ಬೆಲ್ಲ ಮಾತಾಡಿತು. ಆಮೇಲೆ, ತಾಯಿ ಹೇಳಿದ ಹಾಗೆ, ಕಹಿ ಗಂಟಲ ತಿರುವಿಗೆ ಬಂದು ಕೂತಿತು. ಆಗ ಅವಳಿಗೆ ತಾನು ಉಪವಾಸದಲ್ಲಿದ್ದೇನೆ ಎಂದು ನೆನಪಾಯಿತು.

ಬಟ್ಟಲನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು. ಮರೆತು ನುಂಗಿದ್ದು ದೇವರು ಉಣಿಸಿದ್ದು. ಆದರೆ ಮರೆತಿದ್ದೆನೇ? ಕೈಯಂತೂ ಮರೆತಿತ್ತು. ಕಾಲೂ ಮರೆತಿತ್ತು. ಮನಸ್ಸಿನ ಮಾತು ಅವಳಿಗೆ ಗೊತ್ತಾಗಲಿಲ್ಲ, ಬಲ್ಲವನೊಬ್ಬನೇ ಬಲ್ಲ. ಸಿಪ್ಪೆ ಬಚ್ಚಿಡೋಕ್ಕೂ ದೇವರೇ ಹೇಳಿದ್ನಾ ಎನ್ನುವ ಮಾತು ಎಲ್ಲಿಂದಲೋ ಬಂತು. ಅಷ್ಟು ದಿನ ಹನಿಯದಿದ್ದ ಕಣ್ಣು ಆಗ ಹನಿಯಿತು.

"ದೊಡ್ಡಮ್ಮಾ!" ವಾರ್ದೊಯೊ ಹಿತ್ತಿಲಿಂದ ಕೂಗಿದ. "ಕುದಿ ಬಂತಾ? ನೋಡೋಕ್ಕೆ ಬರ್ಲಾ?"

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಬೇಡ. ನೋಡಾಯ್ತು."

"ಯಾರು ನೋಡಿದ್ರು?"

ಕಹಿ ಇನ್ನೂ ಗಂಟಲಲ್ಲೇ ಇತ್ತು, ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ.

"ಸರಿಯಾಗಿದೆ" ಎಂದಳು. "ಇಳಿಸು."

ಸಂಜೆ ಡಬ್ಬಿ ತೆಗೆದು ಕೊನೆಯ ಚೂರನ್ನು ಕೈಗೆ ತೆಗೆದುಕೊಂಡಳು. ಒಲೆಯ ಮುಂದೆ ಸ್ವಲ್ಪ ಹೊತ್ತು ಹಿಡಿದು ನಿಂತಿದ್ದು, ಮತ್ತೆ ಡಬ್ಬಿಗೇ ಹಾಕಿ ಮುಚ್ಚಿದಳು. ನಾಳೆ ಇನ್ನೊಂದು ಉಪವಾಸ ಹಿಡಿದರಾಯಿತು.